ಹೊಸಬರಿಗೆ ಹಂಪಿಯಲ್ಲಿ ಫೋಟೊ ಪಾಠ: ಮೊದಲು ನಿಲ್ಲುವ ಜಾಗ ಹುಡುಕಿ

ಹಂಪಿಗೆ ಹೋಗಿ ಬಂದವರ ಫೋನ್ ತೆರೆದು ನೋಡಿ. ವಿರೂಪಾಕ್ಷ ಗುಡಿಯ ಗೋಪುರ, ಕಲ್ಲಿನ ರಥ, ಕಮಲ ಮಹಲ್, ಆನೆ ಲಾಯ, ಎಲ್ಲಾ ಇರುತ್ತವೆ. ಆದರೆ ಹತ್ತು ಜನರ ಫೋಟೊಗಳನ್ನು ಒಟ್ಟಿಗೆ ಹಾಕಿದರೆ ಯಾವುದು ಯಾರದು ಅಂತ ಹೇಳುವುದು ಕಷ್ಟ. ಏಕೆಂದರೆ ಎಲ್ಲರೂ ದಾರಿ ತಂದು ಬಿಟ್ಟ ಕಡೆಯೇ ನಿಂತು, ಕಣ್ಣಿನ ಎತ್ತರಕ್ಕೆ ಫೋನ್ ಹಿಡಿದು, ಒತ್ತಿ ಮುಂದೆ ಹೋಗಿರುತ್ತಾರೆ.

ಫೋಟೊ ಚೆನ್ನಾಗಿ ಬರಲಿಲ್ಲ ಅಂದಾಗ ಹೊಸಬರು ಮೊದಲು ಯೋಚಿಸುವುದು ಹೊಸ ಕ್ಯಾಮೆರಾ ಬಗ್ಗೆ. ಅದಕ್ಕೆ ದುಡ್ಡು ಹಾಕುವ ಮುಂಚೆ, ಇರುವ ಫೋನ್ ಹಿಡಿದುಕೊಂಡೇ ನಾಲ್ಕು ಹೆಜ್ಜೆ ಆಚೀಚೆ ಹೋಗಿ, ಒಮ್ಮೆ ಕೂತು, ಒಮ್ಮೆ ಹಿಂದೆ ಸರಿದು ನೋಡಿ. ಕಂಪೋಸಿಷನ್ ಅನ್ನುವುದರಲ್ಲಿ ಬಹುಪಾಲು ಇಷ್ಟೇ: ಎಲ್ಲಿ ನಿಲ್ಲಬೇಕು, ಚೌಕಟ್ಟಿನೊಳಗೆ ಏನು ಇರಬೇಕು, ಏನು ಇರಬಾರದು. ಇದನ್ನು ಕಲಿಯಲು ಹಂಪಿ ಹೇಳಿ ಮಾಡಿಸಿದ ಜಾಗ. ಗುಡಿ, ಬಂಡೆಗಳು ಕದಲುವುದಿಲ್ಲ. ಸುತ್ತ ಓಡಾಡಲು ಬೇಕಾದಷ್ಟು ಬಯಲಿದೆ. ನಿಮಗೆ ಅವಸರ ಇಲ್ಲದಿದ್ದರೆ ಸಾಕು.

ಹೊರಡುವ ಮುಂಚೆ ಫೋನಿನಲ್ಲಿ

ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಗ್ರಿಡ್ ಆನ್ ಮಾಡಿ. ಪರದೆಯ ಮೇಲೆ ಎರಡು ಅಡ್ಡ ಗೆರೆ, ಎರಡು ಉದ್ದ ಗೆರೆ ಬರುತ್ತವೆ. ಫೋಟೊದಲ್ಲಿ ಅವು ಬೀಳುವುದಿಲ್ಲ. ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಜೇಬಿನಲ್ಲಿಟ್ಟು ತೆಗೆದ ಫೋನಿನ ಲೆನ್ಸ್ ಮೇಲೆ ಬೆರಳಿನ ಎಣ್ಣೆ ಇದ್ದೇ ಇರುತ್ತದೆ. ಬಿಸಿಲಿಗೆ ಎದುರಾಗಿ ತೆಗೆದಾಗ ಚಿತ್ರವೆಲ್ಲ ಮಂಜು ಕವಿದಂತೆ ಕಾಣಲು ಜಾಸ್ತಿ ಸಲ ಇದೇ ಕಾರಣ.

ಬೆರಳು ಅಗಲಿಸಿ ಜೂಮ್ ಮಾಡುವ ಅಭ್ಯಾಸ ಬಿಡಿ. ಫೋನಿನಲ್ಲೇ ಇರುವ 0.5 ಎಕ್ಸ್, 1 ಎಕ್ಸ್, 2 ಎಕ್ಸ್ ಗುಂಡಿಗಳನ್ನು ಬಳಸಿ. ಮೊದಲ ದಿನವಂತೂ 1 ಎಕ್ಸ್‌ನಲ್ಲೇ ಇರಿ. ಆಗ ದೊಡ್ಡದಾಗಿ ಬೇಕಾದರೆ ಹತ್ತಿರ ಹೋಗಲೇಬೇಕು, ಪೂರ್ತಿ ಬೇಕಾದರೆ ಹಿಂದೆ ಬರಲೇಬೇಕು. ಕಾಲಿಗೆ ಕೆಲಸ ಸಿಗುತ್ತದೆ.

ಹಂತ 1: ಏನು ತೋರಿಸಬೇಕು ಅಂತ ಒಂದು ಮಾತಿನಲ್ಲಿ ಹೇಳಿಕೊಳ್ಳಿ

"ಜಾಗ ಚೆನ್ನಾಗಿದೆ" ಅಂದರೆ ಸಾಲದು. "ಈ ಬಂಡೆ ಪಕ್ಕ ಆ ಮಂಟಪ ಎಷ್ಟು ಪುಟ್ಟದು ನೋಡು" ಅಂದರೆ ಕೆಲಸ ಶುರುವಾಯಿತು. ಈಗ ಬಂಡೆ ಬೇಕು, ಮಂಟಪ ಬೇಕು, ಎರಡರ ಅಳತೆಯ ವ್ಯತ್ಯಾಸ ಕಾಣಬೇಕು. ಪಕ್ಕದ ಮಾಹಿತಿ ಫಲಕ, ಕಸದ ಡಬ್ಬಿ, ಕರೆಂಟ್ ತಂತಿ ಬೇಡ. ಏನು ಬೇಕು ಅಂತ ಗೊತ್ತಾದ ಕೂಡಲೇ ಏನು ಬೇಡ ಅನ್ನುವುದೂ ಗೊತ್ತಾಗುತ್ತದೆ.

ವಿಠಲ ದೇವಸ್ಥಾನದ ಕಲ್ಲಿನ ರಥವನ್ನೇ ತೆಗೆದುಕೊಳ್ಳಿ. 50 ರೂಪಾಯಿ ನೋಟಿನ ಮೇಲೆ ಇರುವ ಚಿತ್ರ ಅದು. ಇಡೀ ರಥದ ಫೋಟೊ ಒಂದು ತೆಗೆಯಿರಿ, ಮನೆಯವರಿಗೆ ತೋರಿಸಲು ಬೇಕಲ್ವಾ. ಆಮೇಲೆ ನಿಮಗೆ ಅದರಲ್ಲಿ ಏನು ಹಿಡಿಸಿತು ಅಂತ ನೋಡಿ. ಚಕ್ರದ ಮೇಲೆ ಸುತ್ತು ಸುತ್ತಾಗಿ ಹೂಬಳ್ಳಿ ಕೆತ್ತಿದ್ದಾರೆ. ಅದು ಹಿಡಿಸಿದ್ದರೆ ಚಕ್ರವನ್ನೇ ತೆಗೆಯಿರಿ. ಪೂರ್ತಿ ಚಕ್ರವೂ ಬೇಕಾಗಿಲ್ಲ, ಮುಕ್ಕಾಲು ಭಾಗ ಫ್ರೇಮ್ ತುಂಬಿದರೂ ನೋಡುವವರು ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ರಥದ ಸುತ್ತ ತಡೆ ಹಾಕಿರುವುದರಿಂದ ತೀರಾ ಹತ್ತಿರ ಹೋಗಲು ಆಗುವುದಿಲ್ಲ. 2 ಎಕ್ಸ್ ಬಳಸಬೇಕಾದದ್ದು ಇಂಥ ಕಡೆ.

ಹಂತ 2: ಒತ್ತುವ ಮುಂಚೆ ಜಾಗ ಬದಲಿಸಿ

ಈ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದರು. ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳು. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬಿಡಬೇಕಾದ ಕಾಲ ಅದು. ಹಾಗಾಗಿ ಕ್ಯಾಮೆರಾ ಎಲ್ಲಿ ಇಡಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಲೇಬೇಕಿತ್ತು. ಅವರ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ. ಈಗ ಅದು ಇಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷದಲ್ಲಿ ಏನು ಬಿತ್ತು, ಏನು ಉಳಿಯಿತು ಅಂತ ಕಾಣುತ್ತದೆ.

ಹಳೆ ಚಿತ್ರ ನೋಡಿ ನಿಂತ ಜಾಗ ಹುಡುಕುವುದು ಹೇಗೆ? ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಇರುವ ಹೊಂದಾಣಿಕೆ ನೋಡಬೇಕು. ಹತ್ತಿರದ ಕಂಬದ ಅಂಚಿಗೆ ದೂರದ ಗುಡ್ಡದ ತುದಿ ತಾಗಿದ್ದರೆ, ಹಾಗೆ ಕಾಣುವುದು ಒಂದು ಕಡೆಯಿಂದ ಮಾತ್ರ. ಒಂದು ಹೆಜ್ಜೆ ಎಡಕ್ಕೆ ಹೋದರೂ ಕಂಬ ಗುಡ್ಡದಿಂದ ಬಿಟ್ಟುಕೊಳ್ಳುತ್ತದೆ. ನಿಮ್ಮ ಕೈಯಲ್ಲಿರುವ ದೊಡ್ಡ ಸಾಧನ ಇದೇ. ಹತ್ತಿರದ್ದು ಬೇಗ ಸರಿಯುತ್ತದೆ, ದೂರದ್ದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಜೂಮ್ ಮಾಡಿದರೆ ಇದು ಆಗುವುದಿಲ್ಲ, ನಡೆದರೆ ಮಾತ್ರ ಆಗುತ್ತದೆ.

ಅಭ್ಯಾಸಕ್ಕೆ ಹೇಮಕೂಟ ಗುಡ್ಡಕ್ಕೆ ಹೋಗಿ. ವಿರೂಪಾಕ್ಷ ಗುಡಿಯ ದಕ್ಷಿಣಕ್ಕೆ ಇರುವ ಇಳಿಜಾರು ಬಂಡೆ. ಹತ್ತಲು ಸುಲಭ. ಮೇಲೆ ಮೆಟ್ಟಿಲು ಮೆಟ್ಟಿಲಾದ ಚಾವಣಿಯ ಚಿಕ್ಕ ಗುಡಿಗಳಿವೆ, ಅಲ್ಲಲ್ಲಿ ಮಂಟಪಗಳಿವೆ, ಕೆಳಗೆ ದೊಡ್ಡ ಗೋಪುರ. ಒಂದು ಚಿಕ್ಕ ಗುಡಿಯನ್ನೂ ಗೋಪುರವನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯಿರಿ. ಮೊದಲ ಚಿತ್ರದಲ್ಲಿ ಬಹುಶಃ ಗುಡಿಯ ಚಾವಣಿಯೂ ಗೋಪುರವೂ ಒಂದಕ್ಕೊಂದು ಅಂಟಿಕೊಂಡು ಗೋಜಲಾಗಿ ಕಾಣುತ್ತವೆ. ಬಲಕ್ಕೆ ಸರಿಯುತ್ತಾ ಹೋಗಿ. ಎರಡರ ನಡುವೆ ಆಕಾಶದ ಒಂದು ಸೀಳು ಬರುತ್ತದೆ. ಇನ್ನೂ ಸರಿದರೆ ಆ ಸೀಳು ಅಗಲವಾಗಿ, ಎರಡೂ ಬೇರೆ ಬೇರೆ ನಿಂತು ಒಂದನ್ನೊಂದು ನೋಡುವ ಹಾಗಾಗುತ್ತದೆ. ಈಗ ಅಲ್ಲೇ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಕಾಲಡಿಯ ಬಂಡೆ ದೊಡ್ಡದಾಗಿ ಮುಂದಕ್ಕೆ ಬರುತ್ತದೆ, ಗುಡಿ ಆಕಾಶಕ್ಕೆ ಏರುತ್ತದೆ. ಎದ್ದು ನಿಂತು ಕೈ ಮೇಲೆತ್ತಿ ಹಿಡಿಯಿರಿ. ಬಂಡೆಯ ಹಿಂದೆ ಅಡಗಿದ್ದ ಬೀದಿಯೂ ಮನೆಗಳೂ ಹೊರಬರುತ್ತವೆ. ಎಲ್ಲವನ್ನೂ ತೆಗೆದು ರಾತ್ರಿ ರೂಮಿನಲ್ಲಿ ಪಕ್ಕಪಕ್ಕ ನೋಡಿ.

ಮಳೆಗಾಲದಲ್ಲಿ ಹೋದವರಿಗೆ ಇಲ್ಲಿ ಇನ್ನೊಂದು ಲಾಭ ಇದೆ. ಬಂಡೆಯ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಫೋನನ್ನು ತಲೆಕೆಳಗು ಮಾಡಿ ಲೆನ್ಸ್ ನೀರಿನ ಹತ್ತಿರ ಬರುವಂತೆ ಹಿಡಿದರೆ ಅಂಗೈಯಗಲದ ನೀರಿನಲ್ಲೂ ಇಡೀ ಗುಡಿ ಕಾಣುತ್ತದೆ. ಕೈ ಗಟ್ಟಿಯಾಗಿ ಹಿಡಿಯಿರಿ, ಅಷ್ಟೆ.

ಹಂತ 3: ನಾಲ್ಕು ಅಂಚನ್ನೂ ಕಣ್ಣಿನಿಂದ ಸುತ್ತಿ ಬನ್ನಿ

ಫೋಟೊ ತೆಗೆಯುವಾಗ ಕಣ್ಣು ನಡುವೆ ಇರುತ್ತದೆ, ಕೆಟ್ಟದ್ದೆಲ್ಲ ಅಂಚಿನಲ್ಲಿ ಸೇರಿಕೊಳ್ಳುತ್ತದೆ. ಅರ್ಧ ಕತ್ತರಿಸಿದ ಮನುಷ್ಯ, ಯಾರದೋ ಬ್ಯಾಗು, ಮೂಲೆಯಲ್ಲಿ ಇಣುಕುವ ಕೊಂಬೆ. ಒತ್ತುವ ಮುಂಚೆ ಮೇಲಿನ ಅಂಚಿನಿಂದ ಶುರುಮಾಡಿ ಒಂದು ಸುತ್ತು ನೋಡಿ. ಎರಡು ಸೆಕೆಂಡ್ ಸಾಕು. ಆಮೇಲೆ ಹಿನ್ನೆಲೆ. ಅಮ್ಮನನ್ನು ಗುಡಿ ಮುಂದೆ ನಿಲ್ಲಿಸಿದಾಗ ಅವರ ತಲೆಯ ಮೇಲೆಯೇ ಗೋಪುರ ಎದ್ದಿದ್ದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಹೋಗಿ. ಅಮ್ಮನಿಗೆ ಸರಿಯಲು ಹೇಳಬೇಡಿ, ನೀವೇ ಸರಿಯಿರಿ.

ಇನ್ನೊಂದು ಮಾತು. ಹತ್ತಿರದಿಂದ ಮುಖ ತೆಗೆದರೆ 1 ಎಕ್ಸ್‌ನಲ್ಲಿ ಮೂಗು ದೊಡ್ಡದಾಗಿ ಕಾಣುತ್ತದೆ. ಎರಡು ಮೂರು ಹೆಜ್ಜೆ ಹಿಂದೆ ಬಂದು 2 ಎಕ್ಸ್‌ನಲ್ಲಿ ತೆಗೆಯಿರಿ. ಮುಖ ನಾವು ದಿನಾ ನೋಡುವ ಹಾಗೇ ಬರುತ್ತದೆ, ಹಿಂದಿನ ಗುಡಿಯೂ ದೊಡ್ಡದಾಗಿ ಹತ್ತಿರ ಬರುತ್ತದೆ.

ಹಂತ 4: ಗ್ರಿಡ್ ಗೆರೆಗಳಿಗೆ ಕೆಲಸ ಕೊಡಿ

ರೂಲ್ ಆಫ್ ಥರ್ಡ್ಸ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಮುಖ್ಯ ವಸ್ತುವನ್ನು ನಡುವೆ ಇಡದೆ, ಗ್ರಿಡ್ ಗೆರೆಗಳ ಮೇಲೋ ಅವು ಕೂಡುವ ಕಡೆಯೋ ಇಡಿ ಅನ್ನುವುದು ಇದರ ತಿರುಳು. ಮೂರನೇ ಒಂದು, ಮೂರನೇ ಎರಡು ಅನ್ನುವ ಈ ಲೆಕ್ಕವನ್ನು 1797ರಲ್ಲೇ ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್ ಬರೆದಿಟ್ಟಿದ್ದರು. ಆಗಿನ್ನೂ ಕ್ಯಾಮೆರಾದಿಂದ ಫೋಟೊ ತೆಗೆಯುವುದೇ ಬಂದಿರಲಿಲ್ಲ.

ಹಂಪಿಯಲ್ಲಿ ಇದು ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಆಕಾಶ ಮತ್ತು ನೆಲದ ಹಂಚಿಕೆಯಲ್ಲಿ. ಮೋಡ ಚೆನ್ನಾಗಿದ್ದರೆ ಆಕಾಶಕ್ಕೆ ಎರಡು ಪಾಲು ಕೊಡಿ. ಆಕಾಶ ಬಿಳಿಚಿಕೊಂಡಿದ್ದರೆ ಒಂದು ಪಾಲು ಸಾಕು, ಅದಕ್ಕಿಂತ ಕಡಿಮೆಯಾದರೂ ಸರಿ, ಬಂಡೆಗಳಿಗೆ ಜಾಗ ಕೊಡಿ. ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೆ ಯಾವುದನ್ನು ನೋಡಬೇಕು ಅಂತ ಕಣ್ಣಿಗೆ ತಿಳಿಯುವುದಿಲ್ಲ. ತುಂಗಭದ್ರೆಯ ಫೋಟೊ ತೆಗೆಯುವಾಗ ಆಚೆ ದಡವನ್ನು ಅಡ್ಡ ಗೆರೆಗೆ ಸರಿಯಾಗಿ ಹೊಂದಿಸಿ. ನೀರು ವಾಲಿದ ಹಾಗೆ ಕಂಡರೆ ಬೇರೇನು ಚೆನ್ನಾಗಿದ್ದರೂ ಕಣ್ಣಿಗೆ ಕಿರಿಕಿರಿ.

ನಡುವೆಯೇ ಇಡಬೇಕಾದ ಕಡೆ ನಡುವೆಯೇ ಇಡಿ. ಆನೆ ಲಾಯ ಅಂಥ ಕಟ್ಟಡ. ಸಾಲಾಗಿ 11 ಕೋಣೆ, ಮೇಲೆ ಗುಮ್ಮಟಗಳು, ನಡುವಿನದರ ಮೇಲೆ ಮಾತ್ರ ಬೇರೆ ತರದ ಮಂಟಪ. ಎಡಕ್ಕೆ ಐದು, ಬಲಕ್ಕೆ ಐದು. ಕಟ್ಟಿದವರೇ ಎರಡೂ ಕಡೆ ತೂಗಿ ಇಟ್ಟಿರುವಾಗ ನೀವು ಪಕ್ಕಕ್ಕೆ ತಳ್ಳಬೇಡಿ. ಆರನೇ ಬಾಗಿಲಿಗೆ ಎದುರಾಗಿ ನಿಂತು, ಎರಡೂ ಬದಿಯಲ್ಲಿ ಸಮ ಜಾಗ ಬಿಟ್ಟು ತೆಗೆಯಿರಿ. ಒಂದು ಅಡಿ ತಪ್ಪಿದರೂ ಗೊತ್ತಾಗುತ್ತದೆ. ಲಾಯದ ಮುಖ ಪಶ್ಚಿಮಕ್ಕಿದೆ, ಹಾಗಾಗಿ ಸಂಜೆ ಬಿಸಿಲು ಬಾಗಿಲುಗಳ ಮೇಲೆ ನೇರವಾಗಿ ಬೀಳುತ್ತದೆ. ಬೆಳಿಗ್ಗೆ ಬೇರೆ ಕಡೆ ನೋಡಿ, ಇಲ್ಲಿಗೆ ಮಧ್ಯಾಹ್ನದ ಮೇಲೆ ಬನ್ನಿ.

ಹಂತ 5: ಗೋಪುರ ಹಿಂದಕ್ಕೆ ವಾಲದಂತೆ ನೋಡಿಕೊಳ್ಳಿ

ವಿರೂಪಾಕ್ಷನ ದೊಡ್ಡ ಗೋಪುರ ಸುಮಾರು 50 ಮೀಟರ್ ಎತ್ತರ. ಬುಡದಲ್ಲಿ ನಿಂತು ಫೋನನ್ನು ಮೇಲಕ್ಕೆ ಓರೆ ಮಾಡಿದರೆ ಗೋಪುರ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಇದು ಲೆನ್ಸಿನ ದೋಷ ಅಲ್ಲ. ಫೋನ್ ಓರೆಯಾದರೆ ನೆಟ್ಟಗಿರುವ ಗೆರೆಗಳು ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಫೋನನ್ನು ಗೋಡೆಯ ಹಾಗೆ ನೆಟ್ಟಗೆ ಹಿಡಿದರೆ ಗೆರೆಗಳೂ ನೆಟ್ಟಗೆ ನಿಲ್ಲುತ್ತವೆ. ಆದರೆ ಆಗ ತುದಿ ಫ್ರೇಮಿನೊಳಗೆ ಬರಲು ಹಿಂದೆ ಹೋಗಬೇಕು. ಎಷ್ಟು ಹಿಂದೆ? ಫೋನನ್ನು ಉದ್ದಕ್ಕೆ ಹಿಡಿದು 1 ಎಕ್ಸ್‌ನಲ್ಲಿ ಸುಮಾರು 80 ಮೀಟರ್. ಪುಣ್ಯಕ್ಕೆ ಎದುರಿಗೇ ಉದ್ದದ ಹಂಪಿ ಬಜಾರ್ ಬೀದಿ ಇದೆ.

ಹಾಗೆ ತೆಗೆದಾಗ ಫ್ರೇಮಿನ ಕೆಳಗಿನ ಅರ್ಧ ಬರೀ ಬೀದಿ ತುಂಬುತ್ತದೆ. ಅದನ್ನು ದಂಡ ಮಾಡಬೇಡಿ. ಎರಡೂ ಬದಿಯ ಕಲ್ಲಿನ ಮಂಟಪಗಳ ಸಾಲು ಗೋಪುರದ ಕಡೆಗೇ ಓಡುತ್ತವೆ. ಬೀದಿಯ ನಡುವೆ ನಿಂತು ಆ ಎರಡು ಸಾಲುಗಳು ಕೆಳಗಿನ ಮೂಲೆಗಳಿಂದ ಹೊರಡುವಂತೆ ಹೊಂದಿಸಿದರೆ ನೋಡುವವರ ಕಣ್ಣು ನೇರ ಗೋಪುರಕ್ಕೆ ಹೋಗಿ ನಿಲ್ಲುತ್ತದೆ. ಬೀದಿ ಖಾಲಿ ಇರಬೇಕಾದರೆ ಬೆಳಿಗ್ಗೆ ಬೇಗ ಹೋಗಬೇಕು. ಗೋಪುರ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಕೂ ಆಗಲೇ ಚೆನ್ನ.

ಹೀಗೆ ಕಣ್ಣನ್ನು ಕರೆದೊಯ್ಯುವ ಗೆರೆ ಇನ್ನೊಂದು ಕಡೆ ಇದೆ. ರಾಜರ ಆವರಣದಲ್ಲಿ ಮೆಟ್ಟಿಲು ಪುಷ್ಕರಣಿಯ ಕಡೆಗೆ ನೀರು ತರಲು ಕಲ್ಲಿನ ಕಂಬಗಳ ಮೇಲೆ ಕಲ್ಲಿನ ಕಾಲುವೆ ಕಟ್ಟಿದ್ದಾರೆ. ಅದರ ಒಂದು ತುದಿಯಲ್ಲಿ ಬಗ್ಗಿ ನೋಡಿ.

ಹಂತ 6: ಕಂಬದ ನಡುವಿನಿಂದ ನೋಡಿ

ಮಂಟಪದೊಳಗಿನ ನೆರಳಲ್ಲಿ ನಿಂತು ಎರಡು ಕಂಬಗಳ ನಡುವಿನಿಂದ ಹೊರಗೆ ತೆಗೆದರೆ ಕಂಬಗಳೇ ಚೌಕಟ್ಟಾಗುತ್ತವೆ. ಕಡಲೆಕಾಳು ಗಣಪನ ಗುಡಿಯ ಎತ್ತರದ ತೆಳ್ಳನೆ ಕಂಬಗಳು ಇದಕ್ಕೆ ಚೆನ್ನಾಗಿವೆ. ಇಲ್ಲಿ ಫೋನಿಗೆ ಸ್ವಲ್ಪ ಸಹಾಯ ಬೇಕು. ಒಳಗೆ ಕತ್ತಲು, ಹೊರಗೆ ಬಿಸಿಲು, ಯಾವುದಕ್ಕೆ ಹೊಂದಿಸಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಪರದೆಯ ಮೇಲೆ ಹೊರಗಿನ ಬೆಳಕಿರುವ ಭಾಗವನ್ನು ಬೆರಳಿಂದ ಒತ್ತಿ ಹಿಡಿಯಿರಿ. ಬಹುತೇಕ ಫೋನ್‌ಗಳಲ್ಲಿ ಬೆಳಕು ಅಲ್ಲಿಗೆ ಲಾಕ್ ಆಗುತ್ತದೆ. ಹೊರಗಿನದು ಸ್ಪಷ್ಟವಾಗಿ, ಕಂಬಗಳು ಕಪ್ಪಾಗಿ ಬರುತ್ತವೆ. ಕಂಬದ ಕೆತ್ತನೆ ಕಾಣಲಿಲ್ಲವಲ್ಲ ಅಂತ ಬೇಜಾರು ಬೇಡ. ಕೆತ್ತನೆಯ ಫೋಟೊ ಬೇರೆ, ಚೌಕಟ್ಟಿನ ಫೋಟೊ ಬೇರೆ. ಎರಡನ್ನೂ ಒಂದರಲ್ಲೇ ತುರುಕಲು ಹೋದರೆ ಎರಡೂ ಕೆಡುತ್ತವೆ.

ಹಂತ 7: ಹೊತ್ತು ನೋಡಿ ಜಾಗ ಆರಿಸಿಕೊಳ್ಳಿ

ಬೆಳಗಿನ, ಸಂಜೆಯ ಓರೆ ಬಿಸಿಲಿನಲ್ಲಿ ಕಲ್ಲಿನ ಒಂದೊಂದು ಉಬ್ಬು ತಗ್ಗಿಗೂ ನೆರಳು ಬರುತ್ತದೆ, ಬಂಡೆಗೆ ಬಣ್ಣ ಬರುತ್ತದೆ. ಸೂರ್ಯ ಹುಟ್ಟುವಾಗ ಮತಂಗ ಪರ್ವತದ ಮೇಲಿದ್ದರೆ ಪಶ್ಚಿಮಕ್ಕೆ ತಿರುಗಿ ನಿಲ್ಲಿ. ಎಲ್ಲರೂ ಸೂರ್ಯನ ಕಡೆ ಫೋನ್ ಹಿಡಿದಿರುತ್ತಾರೆ. ನಿಮ್ಮ ಬೆನ್ನಿನ ಹಿಂದಿನಿಂದ ಬಂದ ಬೆಳಕು ಬಜಾರನ್ನೂ ಗೋಪುರವನ್ನೂ ಬೆಳಗುತ್ತಿರುತ್ತದೆ. ಕತ್ತಲಲ್ಲಿ ಹತ್ತುವ ದಾರಿ ಕಡಿದು, ಒಬ್ಬರೇ ಹೋಗಬೇಡಿ. ಸಂಜೆಗೆ ಹೇಮಕೂಟ. ಅಲ್ಲಿಂದ ಉತ್ತರಕ್ಕೆ ಗೋಪುರ ನೋಡುತ್ತಾ ನಿಂತರೆ ಬೆಳಕು ಎಡಗಡೆಯಿಂದ ಬರುತ್ತದೆ. ಒಂದು ಬದಿ ಬೆಳಗಿ ಇನ್ನೊಂದು ಬದಿ ನೆರಳಾಗಿ ಗೋಪುರಕ್ಕೆ ಗಾತ್ರ ಬರುತ್ತದೆ.

ನಡು ಮಧ್ಯಾಹ್ನ ಫೋಟೊ ತೆಗೆಯಬೇಡಿ ಅನ್ನುವವರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಮೆಟ್ಟಿಲು ಪುಷ್ಕರಣಿಗೆ ಆ ಗಟ್ಟಿ ಬಿಸಿಲೇ ಬೇಕು. ಕಪ್ಪು ಕಲ್ಲಿನ ಚಿಕ್ಕ ಚಿಕ್ಕ ಮೆಟ್ಟಿಲುಗಳು ಐದು ಸುತ್ತಿನಲ್ಲಿ ಕೆಳಗಿಳಿಯುತ್ತವೆ. ಬಿಸಿಲು ಮೆಟ್ಟಿಲ ಮೇಲೆ, ನೆರಳು ಮೆಟ್ಟಿಲ ಪಕ್ಕದಲ್ಲಿ ಬಿದ್ದು ರಂಗೋಲಿಯ ಹಾಗೆ ತ್ರಿಕೋನಗಳ ಸಾಲು ಮೂಡುತ್ತದೆ. ಆಕಾಶ, ಬೇಲಿ, ಜನ ಎಲ್ಲ ಬಿಟ್ಟು ಫ್ರೇಮ್ ತುಂಬ ಆ ಮೆಟ್ಟಿಲುಗಳನ್ನೇ ತುಂಬಿ. ಮೋಡ ಕವಿದ ದಿನ ಅದೇ ಪುಷ್ಕರಣಿ ಸಪ್ಪೆ.

ಬಿಸಿಲು ತಡೆಯದಿದ್ದರೆ ವಿರೂಪಾಕ್ಷ ಗುಡಿಯೊಳಗೆ ಹೋಗಿ, ಗರ್ಭಗುಡಿಯ ಹಿಂಭಾಗದಲ್ಲಿ ಗೋಪುರದ ತಲೆಕೆಳಗಾದ ನೆರಳು ಬೀಳುವ ಗೋಡೆಯನ್ನು ನೋಡಿ ಬನ್ನಿ. ಒಂದು ಸಣ್ಣ ಕಿಂಡಿಯಿಂದ ಬೆಳಕು ನೇರ ಗೆರೆಯಲ್ಲಿ ಒಳಗೆ ಬರುತ್ತದೆ. ಮೇಲಿನ ಬೆಳಕು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಬಿದ್ದು ಗೋಪುರ ತಲೆಕೆಳಗಾಗುತ್ತದೆ. ಕ್ಯಾಮೆರಾ ಕೆಲಸ ಮಾಡುವುದೂ ಹೀಗೆಯೇ. ಫೋಟೊ ಕಲಿಯುವವರು ನೋಡಲೇಬೇಕಾದ ಗೋಡೆ ಅದು.

ಹಂತ 8: ಜನ ಬರಲಿ ಬಿಡಿ

ಯಾರೂ ಇಲ್ಲದ ಫೋಟೊಗಾಗಿ ಕಾಯುವವರು ಬಹಳ. ಆದರೆ ಒಬ್ಬರಾದರೂ ಇಲ್ಲದಿದ್ದರೆ ಬಂಡೆ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಫ್ರೇಮ್ ಮೊದಲೇ ಹೊಂದಿಸಿಕೊಂಡು, ಯಾರಾದರೂ ಸರಿಯಾದ ಜಾಗಕ್ಕೆ ಬರುವ ತನಕ ಕಾಯಿರಿ. ಅವರು ಎಡದಿಂದ ನಡೆದು ಬರುತ್ತಿದ್ದರೆ ಬಲಗಡೆ, ಅಂದರೆ ಅವರು ಹೋಗುವ ಕಡೆ, ಜಾಗ ಬಿಡಿ. ನದಿಯಲ್ಲಿ ತೆಪ್ಪ ಹೋಗುವಾಗಲೂ ಇದೇ ಲೆಕ್ಕ. ತೆಪ್ಪದ ದುಂಡು ಆಕಾರ ಕಾಣಬೇಕಾದರೆ ದಡದ ಎತ್ತರದ ಬಂಡೆಯ ಮೇಲಿನಿಂದ ತೆಗೆಯಿರಿ, ನೀರಿನ ಮಟ್ಟದಿಂದ ಅದು ಬರೀ ಒಂದು ಗೆರೆ.

ಹತ್ತಿರದಿಂದ ತೆಗೆಯುವುದಾದರೆ ಕೇಳಿ. ಹೂ ಮಾರುವವರ ಮುಂದೆ ಸುಮ್ನೆ ಫೋನ್ ಚಾಚಬೇಡಿ. "ಅಮ್ಮಾ, ಒಂದ್ ಫೋಟೊ ತೆಗೀಲಾ?" ಅಂದರೆ ಬಹಳ ಸಲ ನಗುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಬೇಡ ಅಂದರೆ ಫೋನ್ ಇಳಿಸಿ. ಒಪ್ಪಿದರೆ ನೀವೂ ಅವರ ಎತ್ತರಕ್ಕೆ ಕೂತು ತೆಗೆಯಿರಿ. ಮೇಲಿನಿಂದ ತೆಗೆದರೆ ನೆತ್ತಿ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಆಮೇಲೆ ಫೋಟೊ ಅವರಿಗೂ ತೋರಿಸಿ.

ಕಂಬ, ಶಿಲ್ಪಗಳ ಮೇಲೆ ಹತ್ತಿ ಪೋಸ್ ಕೊಡಬೇಡಿ, ಕೊಡಿಸಲೂ ಬೇಡಿ. ಐನೂರು ವರ್ಷ ಉಳಿದ ಕೆತ್ತನೆ ಒಂದು ಫೋಟೊಗೋಸ್ಕರ ಮುರಿಯಬಾರದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೂ ಡ್ರೋನ್‌ಗೂ ಮೊದಲೇ ಅನುಮತಿ ಬೇಕು.

ಹಂತ 9: ರಾತ್ರಿ ಕೂತು ಆರಿಸಿ

ರೂಮಿಗೆ ಬಂದ ಮೇಲೆ ಒಂದೊಂದು ಜಾಗಕ್ಕೆ ಒಂದೇ ಫೋಟೊ ಉಳಿಸುವ ಹಾಗೆ ಆರಿಸಿ. ಒಂದೇ ಗುಡಿಯ ಐದು ಚಿತ್ರಗಳಲ್ಲಿ ಇದೇ ಯಾಕೆ ಅಂತ ನಿಮಗೆ ನೀವೇ ಹೇಳಿಕೊಳ್ಳಬೇಕು. ಅಂಚು ಚೊಕ್ಕ ಇದೆ, ಗುಡಿಗೂ ಗೋಪುರಕ್ಕೂ ನಡುವೆ ಆಕಾಶ ಇದೆ, ಬೆಳಕು ಪಕ್ಕದಿಂದ ಬಂದಿದೆ, ಇಷ್ಟು ಹೇಳಲು ಬಂದರೆ ಮರುದಿನ ಒತ್ತುವ ಮುಂಚೆಯೇ ಅದು ಕಣ್ಣಿಗೆ ಬೀಳುತ್ತದೆ. ಆರಿಸದೆ ಎಲ್ಲವನ್ನೂ ವಾಟ್ಸಾಪ್ ಗ್ರೂಪಿಗೆ ಸುರಿದರೆ ನಿಮ್ಮ ಒಳ್ಳೆಯ ಫೋಟೊವನ್ನು ಯಾರೂ ನೋಡುವುದಿಲ್ಲ.

ಕ್ರಾಪ್ ಮಾಡುವುದರಲ್ಲಿ ತಪ್ಪೇನಿಲ್ಲ. ವಾಲಿದ್ದನ್ನು ನೇರ ಮಾಡಿ, ಅಂಚಿನಲ್ಲಿ ಉಳಿದ ಕಸ ಕತ್ತರಿಸಿ. ಆದರೆ ಮೂಲ ಫೋಟೊ ಉಳಿಸಿಕೊಂಡು ಪ್ರತಿಯ ಮೇಲೆ ಮಾಡಿ. ಎರಡು ವಸ್ತು ಅಂಟಿಕೊಂಡಿರುವುದನ್ನು ಮಾತ್ರ ಕ್ರಾಪ್ ಬಿಡಿಸುವುದಿಲ್ಲ. ಅಂಥ ಫೋಟೊಗಳನ್ನು ಬೇರೆ ತೆಗೆದಿಟ್ಟು, ಯಾವ ಕಡೆಗೆ ಸರಿಯಬೇಕಿತ್ತು ಅಂತ ಗುರುತು ಮಾಡಿಕೊಳ್ಳಿ. ಮಾರನೇ ದಿನ ಬೆಳಿಗ್ಗೆ ಹೊಸ ಜಾಗಕ್ಕೆ ಹೊರಡುವ ಮುಂಚೆ ಅವುಗಳಲ್ಲಿ ಒಂದೆರಡು ಕಡೆಗಾದರೂ ಮತ್ತೆ ಹೋಗಿ ತೆಗೆದು ಬನ್ನಿ.